ಬೋರಲು ಹಾಕಿದ ಬಕೆಟ್ಟು

ಜುಲೈ 8, ಸೋಮವಾರ

ಇಸ್ತ್ರಿ ಮೇಜಿನ ಮೇಲೆ ಬಗ್ಗಿ ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ, ಓದುವವರು ಯಾರಿದ್ದಾರೆ?

ನಮ್ಮ ಬಾಗಿಲ ಮುಂದೆ, ನನ್ನ ಇಸ್ತ್ರಿ ಮೇಜಿನಿಂದ ನಾಲ್ಕು ಮಾರು ದೂರದಲ್ಲಿ, ಅಂಚೆಯಣ್ಣ ನೆಲದೊಳಗೆ ಹೋಗಿಬಿಟ್ಟರು. ಹಾಗೆಂದೇ ಬರೆಯಬೇಕು. ಛತ್ರಿ ಹಿಡಿದು, ಪ್ಯಾಂಟು ಮಡಚಿ, "ತಂಗೀ, ನೀರು ಕೊಡ್ತೀಯೋ, ಇದನ್ನೇ ಮೊಗೆದು ಕುಡೀಲೋ" ಅಂತ ನಗುತ್ತಾ ನೀರಲ್ಲಿ ನಡೆದು ಬರುತ್ತಿದ್ದರು. ನಾನು ಚೊಂಬಿಗೆ ಕೈ ಹಾಕಿ ತಿರುಗಿದೆ. ಛತ್ರಿ ಮಾತ್ರ ನೀರಿನ ಮೇಲಿತ್ತು.

ತಲೆ ಕೆಟ್ಟಾಗ ಬೆಳಿಗ್ಗೆಯಿಂದ ಬರಿ, ತಾನೇ ದಾರಿಗೆ ಬರುತ್ತೆ ಅಂತ ನಮ್ಮ ಹಳ್ಳಿ ಶಾಲೆಯ ಟೀಚರಮ್ಮ ಹೇಳುತ್ತಿದ್ದರು. ಬೆಳಿಗ್ಗೆಯಿಂದಲೇ ಬರೆಯುತ್ತೇನೆ.

ಐದೂವರೆಗೆ ಎದ್ದೆ. ದೀಪ ಹಚ್ಚಿ ಬಾಗಿಲು ತೆಗೆದರೆ ಬೀದಿಯೆಲ್ಲ ಕೆಂಪು ನೀರು, ಕಣಕಾಲು ಮುಳುಗುವಷ್ಟು. ಇರುಳೆಲ್ಲ ಸುರಿದಿತ್ತು. ಆ ನೀರಿನ ನಡುವೆ ನನ್ನ ನೀಲಿ ಬಕೆಟ್ಟು! ನಿನ್ನೆ ಪ್ರಾರ್ಥನೆ ಮುಗಿಸಿ ಕತ್ತಲಲ್ಲಿ ಹಿತ್ತಿಲ ಕಡೆಯಿಂದ ಬರುವಷ್ಟರಲ್ಲಿ ಕಾಣೆಯಾಗಿತ್ತು, ಹಿತ್ತಿಲೆಲ್ಲ ಹುಡುಕಿ ಬೈದುಕೊಂಡಿದ್ದೆ. ಬೋರಲು ಹಾಕಿ ಮೇಲೆ ಒಂದು ಇಟ್ಟಿಗೆ ಇಟ್ಟಿದ್ದರು. ಕದ್ದವನಿಗೆ ತೇಲಿ ಹೋಗಬಾರದು ಅನ್ನುವ ಬುದ್ಧಿ ಬೇರೆ. ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಇಟ್ಟಿಗೆ ಎಸೆದು ಬಕೆಟ್ಟು ತಂದೆ. ಸೋಪು ಹಾಕಿ ಎರಡು ಸಲ ತಿಕ್ಕಿದೆ. ನನ್ನದು ನನಗೆ ಕೊಟ್ಟೆಯಲ್ಲ ಅಂತ ದೇವರಿಗೆ ಕೈ ಮುಗಿದೆ.

ಒಂಬತ್ತೂವರೆಗೆ ಅಂಚೆಯಣ್ಣ ಬಂದರು. ಆಮೇಲೆ ಆದದ್ದನ್ನು ಮೇಲೆ ಬರೆದಿದ್ದೇನೆ.

ಚರಂಡಿಯ ಮುಚ್ಚಳ ತೆರೆದಿತ್ತಂತೆ. ನೀರಿನ ಕೆಳಗೆ ಯಾರಿಗೆ ಕಾಣಬೇಕು? ಎದುರು ಮನೆ ಹೆಡ್‌ಮೇಷ್ಟ್ರು, ಮೂಲೆ ಅಂಗಡಿಯವರು, ನಾನು, ಮೂವರೂ ಸೇರಿ ಎಳೆದೆವು. ಛತ್ರಿಯ ಮರೆಯಲ್ಲಿ ಎದೆಯವರೆಗೆ ಒಳಗಿದ್ದರು. ಕಾಲು ಒಳಗೆಲ್ಲೋ ಸಿಕ್ಕಿಕೊಂಡು ಲಟ್ ಅಂದದ್ದು ನನ್ನ ಕಿವಿಗೆ ಕೇಳಿಸಿತು. ಆಂಬುಲೆನ್ಸು ಬರುವವರೆಗೂ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಚೀಲ ಹಿಡಿರಿ, ಚೀಲ ಹಿಡಿರಿ."

ಕಾಗದಗಳು ಬೀದಿ ತುಂಬ ತೇಲುತ್ತಿದ್ದವು. ಮೂವತ್ತೊಂದು ಸಿಕ್ಕವು. ತೆಳು ಬಟ್ಟೆಯ ನಡುವೆ ಇಟ್ಟು ಬೆಚ್ಚಗಿನ ಇಸ್ತ್ರಿಯಲ್ಲಿ ಒಂದೊಂದಾಗಿ ಒಣಗಿಸಿದೆ. ವಿಳಾಸ ಅಳಿಸಬಾರದಲ್ಲ.

ದೇವರು ದೊಡ್ಡವನು. ನಮ್ಮ ಬಾಗಿಲಲ್ಲೇ ಆದರೂ ನಮ್ಮವರಿಗೇನೂ ಆಗಲಿಲ್ಲ.

ಒಂದು ಮಾತ್ರ ತಿಳಿಯುತ್ತಿಲ್ಲ. ಬಕೆಟ್ಟು ಕದ್ದವನು ಅದನ್ನು ನಡುಬೀದಿಯಲ್ಲಿ ಯಾಕಿಟ್ಟ?

ಜುಲೈ 9, ಮಂಗಳವಾರ

ನಿನ್ನೆ ಸಂಜೆ ಇವರು ಪ್ರೆಸ್ಸಿನಿಂದ ಬಂದರು. ಭಾನುವಾರ ಸಂಜೆ ಅರ್ಜೆಂಟು ಬೈಂಡಿಂಗ್ ಇದೆ ಅಂತ ನಾನು ಪ್ರಾರ್ಥನೆಯಿಂದ ಬರುವ ಮೊದಲೇ ಹೋದವರು, ಒಂದು ರಾತ್ರಿ ಒಂದು ಹಗಲು ಅಲ್ಲೇ ಇದ್ದರು. ಊಟಕ್ಕೆ ಕೂತಾಗ ಅಂಚೆಯಣ್ಣನ ವಿಷಯ ಎಲ್ಲ ಹೇಳಿ, ಕೊನೆಗೆ ಬಕೆಟ್ಟಿನ ಸುದ್ದಿಯನ್ನೂ ಹೇಳಿದೆ.

"ನಮ್ಮ ಬಕೆಟ್ಟು ಸಿಕ್ತು ಕಣ್ರೀ. ಯಾವನೋ ಕಳ್ಳ ನೀರಲ್ಲಿ ಬೋರಲು ಹಾಕಿ ಇಟ್ಟಿಗೆ ಹೇರಿದ್ದ."

ಇವರ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. "ಎತ್ತಿದ್ದು ನೀನಾ?"

"ನನ್ನ ಬಕೆಟ್ಟು ನಾನು ಎತ್ತಬಾರದಾ?"

"ಕಳ್ಳ ನಾನೇ ಕಣೇ."

ನನಗೆ ಮೊದಲು ನಗು ಬಂತು. ಇವರು ನಗಲಿಲ್ಲ.

ಪ್ರತಿ ಮಳೆಗಾಲ ನೀರು ನಿಂತಾಗ ನಮ್ಮ ಬೀದಿಯವರೇ ಗಡಾರಿ ಹಾಕಿ ಮುಚ್ಚಳ ಎತ್ತುವುದು ರೂಢಿ. ವಾರ್ಡ್ ಆಫೀಸಿಗೆ ಫೋನು ಮಾಡಿದರೆ ಯಾರು ಎತ್ತುತ್ತಾರೆ? ಎತ್ತಿದ ಜಾಗದಲ್ಲಿ ಅಂಗಡಿಯವರ ಮುರುಕು ಕುರ್ಚಿ ಇಡುತ್ತಾರೆ. ಕುರ್ಚಿ ಕಂಡರೆ ಮಕ್ಕಳೂ ಸುತ್ತು ಹಾಕಿ ಹೋಗುತ್ತವೆ. ಈ ವರ್ಷ ಅಂಗಡಿಯವರು ಆ ಕುರ್ಚಿಯನ್ನು ಗುಜರಿಗೆ ಹಾಕಿದ್ದರಂತೆ. ಭಾನುವಾರ ಸಂಜೆ ಇವರು, ಮೇಷ್ಟ್ರು, ಅಂಗಡಿಯವರು ಮುಚ್ಚಳ ಎಳೆದು ಪಕ್ಕಕ್ಕಿಟ್ಟರು. ಗುರುತಿಗೆ ಏನಿಡೋಣ ಅಂದಾಗ ಇವರು ನಮ್ಮ ಹಿತ್ತಿಲಿಂದ ಬಕೆಟ್ಟು ತಂದು ಆ ಮುಚ್ಚಳದ ಮೇಲೆ ಬೋರಲು ಹಾಕಿದರು. ನೀರು ಇಳಿದ ಮೇಲೆ ಮುಚ್ಚೋಣ ಅಂದುಕೊಂಡರು. ನೀರು ಇಳಿಯಲಿಲ್ಲ, ಮಳೆ ಮತ್ತೆ ಬಂತು, ಎಲ್ಲರೂ ಅವರವರ ಕೆಲಸಕ್ಕೆ ಹೋದರು.

ನಾನು ನಿಂತದ್ದು ಆ ಗುಂಡಿಯ ಅಂಚಿನಲ್ಲಿ. ಒಂದು ಗೇಣು ಆಚೆ ಕಾಲಿಟ್ಟಿದ್ದರೆ ನಾನೇ ಒಳಗೆ ಹೋಗುತ್ತಿದ್ದೆ, ಗುರುತಿಗೆ ಛತ್ರಿಯೂ ತೇಲುತ್ತಿರಲಿಲ್ಲ.

"ಈಗ ಏನ್ರೀ ಮಾಡೋದು?"

"ಏನೂ ಇಲ್ಲ. ಬಕೆಟ್ಟು ಒಳಗಿಡು. ಬಾಯಿ ಮುಚ್ಚಿಕೊಂಡಿರು."

ಇವತ್ತು ಎರಡು ಅಂಗಿ ಸುಟ್ಟೆ. ಮೂವತ್ತು ವರ್ಷದಲ್ಲಿ ಹೀಗೆ ಸುಟ್ಟದ್ದಿಲ್ಲ.

ಜುಲೈ 11, ಗುರುವಾರ

ಮೇಷ್ಟ್ರ ಮನೆ ಜಗಲಿಯಲ್ಲಿ ಸಭೆ. ಬೀದಿಯವರೆಲ್ಲ ಇದ್ದರು. ಮೇಷ್ಟ್ರು ಮುತ್ತು ಪೋಣಿಸಿದ ಹಾಗೆ ಅರ್ಜಿ ಬರೆದಿದ್ದರು, ನಿಂತು ಓದಿದರು. "ಜವಾಬ್ದಾರಿಯುತ ನಾಗರಿಕರಾದ ನಾವು" ಅಂತ ಶುರು. ಚರಂಡಿ ಸ್ವಚ್ಛ ಮಾಡುವವನು ಭಾನುವಾರ ಮುಚ್ಚಳ ತೆರೆದು, ಮುಚ್ಚದೆ, ಗುರುತೂ ಇಡದೆ ಹೋದದ್ದರಿಂದ ಅನಾಹುತವಾಗಿದೆ, ಅವನನ್ನು ಕೆಲಸದಿಂದ ತೆಗೆಯಬೇಕು ಅಂತ ಮುಕ್ತಾಯ.

ನಾನು ಪಕ್ಕದಲ್ಲಿದ್ದ ಇವರನ್ನು ನೋಡಿದೆ. ಇವರು ಚಪ್ಪಲಿ ನೋಡುತ್ತಿದ್ದರು.

ಜನ ಚದುರಿದ ಮೇಲೆ ಮೇಷ್ಟ್ರನ್ನು ಕೇಳಿಯೇ ಬಿಟ್ಟೆ. "ಮೇಷ್ಟ್ರೇ, ತೆಗೆದದ್ದು ಅವನಲ್ಲವಲ್ಲ?"

ಅವರಿಗೆ ಸಿಟ್ಟು ಬರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದರು. "ನೋಡಮ್ಮ, ನಿಂತ ನೀರು ಬಿಡೋದು ಯಾರ ಕೆಲಸ? ಅವನದು. ಅವನು ಬಂದು ಮಾಡಿದ್ರೆ ನಾವ್ಯಾಕೆ ಮುಟ್ತಿದ್ವಿ? ಅಂದ್ಮೇಲೆ ಒಂದು ರೀತೀಲಿ ಅವನೇ ತೆಗೆದ ಹಾಗೆ."

ಅಂಗಡಿಯವರು ಪಿಸುಗುಟ್ಟಿದರು. "ಇಲ್ಲಾಂದ್ರೆ ಪೊಲೀಸು, ಕೋರ್ಟು ಅಂತ ಅಲೀಬೇಕಾಗುತ್ತೆ ಅಕ್ಕಾ. ಬಕೆಟ್ಟಿನ ಕಥೆಯೂ ಹೊರಗೆ ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಬಕೆಟ್ಟಿನ ವಿಷಯ ಇವರೇ ಹೇಳಿದ್ದಾರೆ ಹಾಗಾದರೆ.

ನಲವತ್ತೊಂದು ಸಹಿ. ನಲವತ್ತೆರಡನೆಯದು ನನ್ನದು. ನಿಮ್ಮ ಮನೆ ಎದುರಿನ ಗುಂಡಿ, ನೀವು ಹಾಕದಿದ್ದರೆ ಅನುಮಾನ ಬರುತ್ತೆ ಅಂದರು. ದುಂಡಗೆ ಹಾಕಿದೆ. ಈ ಬೀದಿಯಲ್ಲಿ ನಾನು ಇಸ್ತ್ರಿಯವಳು. ನಾಗರಿಕರು ಅಂತ ಕರೆದು ನನ್ನಿಂದ ಸಹಿ ಕೇಳಿದ್ದು ಇದೇ ಮೊದಲು. ಸುಳ್ಳು ಯಾಕೆ, ಸಹಿ ಹಾಕುವಾಗ ಅರೆಗಳಿಗೆ ಹೆಮ್ಮೆಯೂ ಆಯಿತು.

ಇವತ್ತು ದೀಪ ಹಚ್ಚಿ ಹಾಗೇ ಎದ್ದು ಬಂದೆ. ದೇವರ ಮುಂದೆ ನಿಲ್ಲಲು ಮುಖ ಬರಲಿಲ್ಲ.

ಜುಲೈ 14, ಭಾನುವಾರ

ಅಂಚೆಯಣ್ಣನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಉದ್ದ ವಾರ್ಡು, ಕಿಟಕಿಯ ಪಕ್ಕದ ಹಾಸಿಗೆ. ಕಾಲಿನಲ್ಲಿ ಎರಡು ಕಡೆ ಮೂಳೆ ಮುರಿದಿದೆ, ಪಕ್ಕೆಲುಬು ಬೇರೆ. ಬ್ಯಾಗು ಹೊತ್ತು ಬೀದಿ ಸುತ್ತುವ ಕೆಲಸ ಇನ್ನು ಆಗದು ಅಂತ ಡಾಕ್ಟರು ಹೇಳಿದ್ದಾರಂತೆ. ಅವರ ಹೆಂಡತಿ ಅದನ್ನು ಹೊರಗೆ ಕರೆದು ಹೇಳಿದರು. ಅವರಿಗೆ ಇನ್ನೂ ತಿಳಿಸಿಲ್ಲ.

ಹೇಳಿಬಿಡಬೇಕು ಅಂತಲೇ ಹೋಗಿದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಅವರೇ ಮೊದಲು ಬಾಯಿ ತೆಗೆದರು. "ಕಾಗದ ಎಲ್ಲ ಇಸ್ತ್ರಿ ಮಾಡಿ ಒಣಗಿಸಿ ಆಫೀಸಿಗೆ ತಲುಪಿಸಿದ್ಯಂತೆ! ನಮ್ಮ ಪೋಸ್ಟ್‌ಮಾಸ್ಟರು ಬಂದು ಹೇಳಿದ್ರು. ನಿನ್ನಂಥವರು ಬೀದಿಗೊಬ್ಬರಿದ್ರೆ ಸಾಕು ತಂಗಿ."

ನಾನು ಲೋಟಕ್ಕೆ ನೀರು ಬಗ್ಗಿಸಿದೆ.

"ಯಾವ ಪುಣ್ಯಾತ್ಮ ತೆರೆದಿಟ್ಟನೋ. ಒಂದು ಕಡ್ಡಿಯಾದ್ರೂ ನೆಟ್ಟಿದ್ರೆ ನಾನು ನೋಡ್ತಿದ್ದೆ. ಇಪ್ಪತ್ತೇಳು ವರ್ಷ ಬೀದಿ ನೋಡಿಕೊಂಡು ನಡೆದ ಕಣ್ಣು ಇದು."

ನೀರು ಕುಡಿಸಿ ಬಂದೆ. ಅಷ್ಟೇ ಆದದ್ದು.

ಜುಲೈ 17, ಬುಧವಾರ

ಇವತ್ತಿನದನ್ನು ಬರೆಯಲೇಬೇಕು.

ಮಧ್ಯಾಹ್ನ ಚರಂಡಿಯವನು ಬಂದ. ಬೀದಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ, ಬಾಗಿಲಿಗೆ ಬಂದದ್ದು ಇದೇ ಮೊದಲು. ಮೇಜಿಗೆ ತಾಗದ ಹಾಗೆ ದೂರ ನಿಂತು ಒಂದು ಬಿಳಿ ಅಂಗಿ ಚಾಚಿದ. ತೊಳೆದು ತೊಳೆದು ಕಾಲರು ಸವೆದಿತ್ತು.

"ಅಕ್ಕಾ, ಇದನ್ನ ಸ್ವಲ್ಪ ಗಟ್ಟಿ ಮಡಿಕೆ ಬರೋ ಹಾಗೆ ಮಾಡಿಕೊಡಿ. ನಾಡಿದ್ದು ಆಫೀಸರ ಮುಂದೆ ನಿಲ್ಲಬೇಕು. ಕೊಳಕು ಬಟ್ಟೇಲಿ ಹೋದ್ರೆ ಮುಖ ನೋಡೋ ಮೊದಲೇ ತೀರ್ಮಾನ ಮಾಡ್ತಾರೆ."

ನಾನು ಸಹಿ ಹಾಕಿದ್ದು ಅವನಿಗೆ ಗೊತ್ತಿಲ್ಲ. ಕೂತ್ಕೋ ಅಂದೆ. ಕೂರಲಿಲ್ಲ. ಸ್ಟೂಲು ಎಳೆದು ಕಾಲ ಹತ್ತಿರ ಇಟ್ಟ ಮೇಲೆ ಅಂಚಿನಲ್ಲಿ ಕೂತ.

"ಭಾನುವಾರ ನಾನು ಈ ಕಡೆ ಬಂದೇ ಇಲ್ಲ ಅಕ್ಕಾ. ಮಾರ್ಕೆಟ್ಟಿನ ಹಿಂದಿನ ಚರಂಡಿಗೆ ಹಾಕಿದ್ರು. ನಮಗೆ ಕೆಲಸ ಹಂಚೋ ಮೇಸ್ತ್ರಿ ಈಗ ನೆನಪಿಲ್ಲ ಅಂತಾನೆ. ನಲವತ್ತೆರಡು ಜನ ಓದು ಬರಹ ಬಲ್ಲೋರು ನಾನು ಬಂದಿದ್ದೆ ಅಂತ ಬರೆದುಕೊಟ್ಟಿದಾರಂತೆ. ಅಷ್ಟು ಜನ ಹೇಳಿದ ಮೇಲೆ, ಒಂದೊಂದು ಸಲ ನನಗೇ ಅನುಮಾನ ಬರುತ್ತೆ, ಬಂದಿದ್ನೇನೋ ಅಂತ."

ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೆ ನಿಲ್ಲಬಾರದು ಅಂತ ಕೈಯಾಡಿಸುತ್ತಲೇ ಇದ್ದೆ.

"ಮುಚ್ಚಳ ತೆಗೆದ್ರೆ ನಾವು ಮೂರು ಕಾಲಿನ ಕೆಂಪು ಬಾವುಟ ನೆಡ್ತೀವಿ. ಮುಚ್ಚೋವರೆಗೂ ಜಾಗ ಬಿಟ್ಟು ಕದಲಲ್ಲ. ಬಕೆಟ್ಟು, ಬುಟ್ಟಿ ಯಾವತ್ತೂ ಇಡಲ್ಲ." ನಕ್ಕ. "ಇಟ್ರೆ ಹೆಂಗಸರು ಎತ್ಕೊಂಡು ಹೋಗ್ತಾರೆ. ಒಂದು ಸಲ ಹಾಗೇ ಆಗಿತ್ತು. ಅವರದೇನು ತಪ್ಪು, ಮನೆ ಸಾಮಾನಿನ ಹಾಗೆ ಕಾಣುತ್ತಲ್ಲ."

ತಮಾಷೆಗೆ ಹೇಳಿದ. ನೀಲಿ ಬಕೆಟ್ಟು ಅವನ ಬೆನ್ನ ಹಿಂದೆಯೇ, ನಲ್ಲಿಯ ಕೆಳಗೆ, ತುಂಬಿ ಚೆಲ್ಲುತ್ತಿತ್ತು.

"ಕೆಲಸ ಹೋದ್ರೆ ಏನು ಮಾಡ್ತೀರಿ?" ಅಂದೆ.

"ಏನು ಮಾಡೋದು? ಮಗಳು ನರ್ಸ್ ಟ್ರೈನಿಂಗಿನಲ್ಲಿದಾಳೆ, ಇನ್ನೊಂದೇ ವರ್ಷ. ಅದನ್ನ ಬಿಡಿಸಬೇಕಾಗುತ್ತೆ. ಅವಳಿಗೆ ಹೇಳಿಲ್ಲ." ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದರು. "ಹೊಸದಾಗಿಬಿಡ್ತಲ್ಲ ಅಕ್ಕಾ!"

ಬೇಡ ಬೇಡ ಅಂದರೂ ಇಸ್ತ್ರಿಯ ದುಡ್ಡು ಮೇಜಿನ ಮೇಲಿಟ್ಟು ಹೋದರು. ಅದು ಇನ್ನೂ ಅಲ್ಲೇ ಇದೆ.

ಜುಲೈ 18, ಗುರುವಾರ

ಇವರ ಹತ್ತಿರ ಹೇಳಿದೆ, ನಾಳೆ ವಿಚಾರಣೆಗೆ ನಾನು ಹೋಗುತ್ತೇನೆ ಅಂತ.

"ಹೋಗಿ ಏನು ಹೇಳ್ತೀಯಾ?"

"ಇದ್ದದ್ದು."

"ನನ್ನ ಹೆಸರು?"

ನಾನು ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದೆ. ಇವರು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಈ ಪುಸ್ತಕ ಇವರೇ ಕಟ್ಟಿಕೊಟ್ಟದ್ದು. ಪ್ರೆಸ್ಸಿನಲ್ಲಿ ಉಳಿದ ಹಾಳೆ ಕೂಡಿಸಿ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, "ಬರ್ಕೋ, ನಿನ್ನ ಟೀಚರಮ್ಮ ಹೇಳ್ತಿದ್ರು ಅಂತ ಸಾಯ್ತಿದ್ಯಲ್ಲ" ಅಂತ ಕೊಟ್ಟಿದ್ದರು. ಅದರಲ್ಲೇ ಇದನ್ನೂ ಬರೆಯಬೇಕಾಯಿತಲ್ಲ.

ಜುಲೈ 19, ಶುಕ್ರವಾರ

ಬಕೆಟ್ಟು ಹಿಡಿದು ಬಸ್ಸು ಹತ್ತಿದೆ. ಕಂಡಕ್ಟರು "ಏನಮ್ಮಾ, ಹೋದಲ್ಲೆಲ್ಲ ನೀರು ಸಿಗಲ್ಲ ಅಂತಲಾ?" ಅಂತ ಕೇಳಿದ. ಹೌದಪ್ಪ ಅಂದೆ.

ವಾರ್ಡ್ ಆಫೀಸಿನ ಮಹಡಿಯಲ್ಲಿ ವಿಚಾರಣೆ. ಗಡಗಡ ತಿರುಗುವ ಫ್ಯಾನು, ಉದ್ದ ಬೆಂಚು. ಆಫೀಸರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಷ್ಟ್ರು, ಅಂಗಡಿಯವರು ಮುಂದಿನ ಬೆಂಚಿನಲ್ಲಿ. ಚರಂಡಿ ಕೆಲಸದವರು ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು, ಅಂಗಿಯ ಮಡಿಕೆ ಮುರಿಯಬಾರದು ಅಂತ.

ಮೇಷ್ಟ್ರು ಅರ್ಜಿ ಓದಿದರು. ಎಷ್ಟು ಚೆನ್ನಾಗಿ ಓದಿದರು ಅಂದರೆ ನನಗೇ ನಿಜ ಅನ್ನಿಸಿತು.

"ಸ್ಥಳದ ಎದುರಿನ ಮನೆಯವರು ಯಾರು?" ಅಂತ ಆಫೀಸರು ಕೇಳಿದರು.

ಎದ್ದೆ. ಜೋಡಿಸಿಕೊಂಡು ಹೋದ ಮಾತೆಲ್ಲ ಗಾಳಿಗೆ ಹೋಯಿತು. ಬಕೆಟ್ಟನ್ನು ಆಫೀಸರ ಮೇಜಿನ ಮೇಲೆ, ಫೈಲುಗಳ ನಡುವೆ, ಬೋರಲು ಹಾಕಿದೆ.

"ಗುಂಡಿಗೆ ಇಟ್ಟಿದ್ದ ಗುರುತು ಇದು ತಾಯಿ. ಇದನ್ನ ಎತ್ತಿದವಳು ನಾನು. ಆ ಅರ್ಜೀಲಿ ಕೊನೇ ಸಹಿಯೂ ನಂದೇ. ಅದು ಸುಳ್ಳು."

ಆಫೀಸರು ಬಕೆಟ್ಟನ್ನು ತಿರುಗಿಸಿ ನೋಡಿದರು.

"ಮೇಡಂ, ಪಾಪ ಇವರಿಗೆ ಗಾಬರಿ. ಆವತ್ತಿಂದ ತಲೆ ಸ್ವಲ್ಪ..." ಅಂದರು ಮೇಷ್ಟ್ರು.

"ತಲೆ ಸರಿಯಿದೆ ಮೇಷ್ಟ್ರೇ. ನಿಮ್ಮ ಅಂಗಿ ತೋಳಿಗೆ ಹತ್ತಿದ ಗಡಾರಿಯ ತುಕ್ಕು ತೆಗೆಯೋಕೆ ಮಂಗಳವಾರ ಇಡೀ ಮಧ್ಯಾಹ್ನ ತಿಕ್ಕಿದವಳು ನಾನೇ."

ಹಾಗೆ ಹೇಳಬೇಕು ಅಂತ ನಾನು ಅಂದುಕೊಂಡೇ ಇರಲಿಲ್ಲ. ನನ್ನ ದನಿ ಕೇಳಿ ನನಗೇ ದಿಗಿಲಾಯಿತು.

ಆಫೀಸರು ಪೆನ್ನು ತೆಗೆದರು. "ಮುಚ್ಚಳ ತೆಗೆದವರು ಯಾರು?"

"ಈ ಬಕೆಟ್ಟು ಇಟ್ಟವರು ನನ್ನ ಗಂಡ. ಜೊತೆಗೆ ಇನ್ನಿಬ್ಬರಿದ್ದರು. ಅವರಿಗೂ ಬಾಯಿ ಇದೆ, ಅವರೇ ಹೇಳಲಿ."

ಕೊನೆಗೆ ಅಂಗಡಿಯವರು ಕೂತಲ್ಲಿಂದಲೇ ಬೆರಳೆತ್ತಿದರು, ಕ್ಲಾಸಿನಲ್ಲಿ ಎತ್ತಿದ ಹಾಗೆ. "ನಾನೂ ಇದ್ದೆ ಮೇಡಂ. ಕುರ್ಚಿ ಗುಜರಿಗೆ ಹಾಕಿದ್ದು ನಾನೇ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳದೆ, ಎದ್ದು ಹೊರಗೆ ಹೋದರು.

ಮೆಟ್ಟಿಲಲ್ಲಿ ಅವರು ಸಿಕ್ಕರು, ಬಿಳಿ ಅಂಗಿಯವರು. ಥ್ಯಾಂಕ್ಸ್ ಅನ್ನುತ್ತಾರೆ ಅಂದುಕೊಂಡಿದ್ದೆ, ಎಷ್ಟು ಆಸೆ ನೋಡು.

"ಆವತ್ತು ನಾನು ನಿಮ್ಮ ಮುಂದೆ ಕೂತು ಅಷ್ಟೆಲ್ಲ ಹೇಳ್ದೆ. ಆಗ್ಲೂ ನೀವು ಸುಮ್ಮನೆ ಇಸ್ತ್ರಿ ಮಾಡ್ತಿದ್ರಲ್ಲ ಅಕ್ಕಾ."

ಅಷ್ಟು ಹೇಳಿ ಇಳಿದು ಹೋದರು.

ಬಕೆಟ್ಟನ್ನು ಸಾಕ್ಷಿ ಅಂತ ಅಲ್ಲೇ ಇಟ್ಟುಕೊಂಡರು.

ಜುಲೈ 20, ಶನಿವಾರ

ಅಂಚೆಯಣ್ಣನಿಗೆ ಬೇರೆಯವರು ಹೇಳುವ ಮೊದಲು ಹೇಳಿದೆ. ಹಾಸಿಗೆಯ ಪಕ್ಕ ನಿಂತೇ ಹೇಳಿದೆ. ಅವರು ಕೇಳಿಸಿಕೊಂಡು ಮುಖ ಗೋಡೆಯ ಕಡೆಗೆ ತಿರುಗಿಸಿದರು.

"ಇವತ್ತು ಹೋಗು ತಂಗಿ."

ತಂಗಿ ಅಂದರು. ಮುಖ ಮಾತ್ರ ಈ ಕಡೆ ತಿರುಗಲಿಲ್ಲ.

ಜುಲೈ 27, ಶನಿವಾರ

ಮೇಜು ಖಾಲಿ. ಇವತ್ತಿಗೆ ಎಂಟು ದಿನ, ಈ ಬೀದಿಯಿಂದ ಎರಡೇ ಮನೆಯ ಬಟ್ಟೆ. ಮೇಷ್ಟ್ರ ಮನೆಯ ಬಟ್ಟೆ ನನ್ನ ಕಣ್ಣ ಮುಂದೆಯೇ ಪಕ್ಕದ ಬೀದಿಗೆ ಹೋಗುತ್ತದೆ. ಇವರಿಗೂ ಉಳಿದಿಬ್ಬರಿಗೂ ನೋಟೀಸು ಬಂದಿದೆ. ನನಗೂ ಬಂದಿದೆ. ನಾಲ್ಕೂ ಒಂದೇ ಥರದ ಕವರು, ಹೊಸ ಅಂಚೆಯವನು ಬಾಗಿಲಲ್ಲಿ ನಿಲ್ಲದೆ ಕೊಟ್ಟು ಹೋದ. ಬಿಳಿ ಅಂಗಿಯವರ ಕೆಲಸ ಉಳಿಯಿತಂತೆ.

ಇವರು ಮಾತಾಡಿ ಒಂಬತ್ತು ದಿನ. ಊಟಕ್ಕೆ ಕೂರುತ್ತಾರೆ, ಏಳುತ್ತಾರೆ. ಕೋಪವಾದರೆ ತಡೆಯಬಹುದಿತ್ತು. ಇದು ಕೋಪವಲ್ಲ, ನಾಚಿಕೆಯೋ ಏನೋ. ಮನೆಯಲ್ಲಿ ಇಬ್ಬರೇ ಇದ್ದು ನಾಚಿಕೆ ಮಾಡಿಕೊಂಡರೆ ಎಲ್ಲಿ ಅಡಗುವುದು?

ದೇವರ ಮುಂದೆ ಈಗ ಕೇಳುವುದು ಒಂದೇ, ಅಂಚೆಯಣ್ಣನ ಆ ಕಾಲು. ನಮ್ಮ ಮನೆಯ ವಿಷಯ ಕೇಳಲು ಮರೆತೇ ಹೋಗುತ್ತಿದೆ.

ಆಗಸ್ಟ್ 2, ಶುಕ್ರವಾರ

ಮಧ್ಯಾಹ್ನ ಎರಡಕ್ಕೆ ಮಳೆ ಹಿಡಿಯಿತು. ಮೂರಕ್ಕೆ ಬೀದಿ ಕೆರೆ. ಎಲ್ಲರೂ ಅವರವರ ಬಾಗಿಲಲ್ಲಿ ನಿಂತು ನೀರನ್ನೂ ಒಬ್ಬರನ್ನೊಬ್ಬರನ್ನೂ ನೋಡುತ್ತಿದ್ದರು. ಗಡಾರಿ ಮುಟ್ಟುವವರು ಯಾರೂ ಇಲ್ಲ. ಮೇಷ್ಟ್ರ ಮನೆಯ ಮೊದಲ ಮೆಟ್ಟಿಲು ಮುಳುಗಿತು.

ವಾರ್ಡ್ ಆಫೀಸಿಗೆ ಫೋನು ಮಾಡಿದೆ. ಆರನೇ ಸಲಕ್ಕೆ ಎತ್ತಿದರು.

ಚರಂಡಿ ಕೆಲಸದ ಅವರೇ ಬಂದರು, ಬಾವುಟ ಹೊತ್ತುಕೊಂಡು. ನನ್ನ ಕಡೆ ನೋಡಲಿಲ್ಲ. ಕೋಲಿನಿಂದ ತಡಕಿ ಮುಚ್ಚಳ ಹುಡುಕಿ, ಎತ್ತಿ, ಮೂರು ಕಾಲು ನೆಟ್ಟರು. ನೀರು ಗಳಗಳ ಇಳಿಯತೊಡಗಿತು. ಅಷ್ಟರಲ್ಲಿ ಅವರ ಫೋನು. ಹಿಂದಿನ ಬೀದಿಯಲ್ಲಿ ಮನೆಯೊಳಗೆ ನೀರು ನುಗ್ಗಿದೆ, ಬಾ ಅಂತ. ಅವರು ಗುಂಡಿ ನೋಡಿದರು, ಬಾವುಟ ನೋಡಿದರು. ಇರುವುದು ಒಂದೇ ಬಾವುಟ. ಬಿಟ್ಟು ಹೋಗುವ ಹಾಗಿಲ್ಲ, ಕಿತ್ತುಕೊಂಡು ಹೋಗುವ ಹಾಗೂ ಇಲ್ಲ.

"ನೀವು ಬಾವುಟ ತಗೊಂಡು ಹೋಗಿ. ಇಲ್ಲಿ ನಾನಿರ್ತೀನಿ."

ಆಗ ನನ್ನ ಮುಖ ನೋಡಿದರು. ನಂಬಬೇಕೋ ಬೇಡವೋ ಅಂತ ಅಳೆಯುವ ನೋಟ. ಅಳೆಯಲಿ, ಅವರಿಗೆ ಅಷ್ಟು ಹಕ್ಕಿದೆ.

"ಕದಲಬಾರದು."

"ಕದಲಲ್ಲ."

ಇಸ್ತ್ರಿಯ ಸ್ಟೂಲು ತಂದು ಗುಂಡಿಯ ಪಕ್ಕ ನೀರಿನಲ್ಲೇ ಹಾಕಿ ಕೂತೆ. ಮಳೆ ತಲೆಯ ಮೇಲೆ ಸುರಿಯಿತು. ಸ್ಕೂಟರಿನವನೊಬ್ಬ ಬಂದ, ಎದ್ದು ಕೈಯಡ್ಡ ಹಿಡಿದೆ, "ಹುಚ್ಚು ಹಿಡಿದಿದೆಯೇನಮ್ಮಾ?" ಅಂತ ಬೈದು ಸುತ್ತು ಹಾಕಿ ಹೋದ. ಬಾಗಿಲುಗಳಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಯಾರೂ ಹತ್ತಿರ ಬರಲಿಲ್ಲ. ನಾನು ಕರೆಯಲೂ ಇಲ್ಲ.

ನಾಲ್ಕೂವರೆಯ ಹೊತ್ತಿಗೆ ತಲೆಯ ಮೇಲೆ ಮಳೆ ನಿಂತಿತು. ಸುತ್ತಲೂ ಸುರಿಯುತ್ತಲೇ ಇತ್ತು. ಹಿಂದೆ ತಿರುಗಿದರೆ ಇವರು, ಪ್ರೆಸ್ಸಿನ ಚೀಲ ಹೆಗಲಲ್ಲೇ ಇತ್ತು, ಛತ್ರಿ ನನ್ನ ಮೇಲೆ ಹಿಡಿದಿದ್ದರು. ಇವರ ಅರ್ಧ ಮೈ ನೆನೆಯುತ್ತಿತ್ತು.

ಹದಿನೈದು ದಿನಕ್ಕೆ ಬಾಯಿ ಬಿಟ್ಟರು.

"ಮನೆ ಸಾಮಾನು ಬೀದೀಲಿ ಕಂಡ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಕಾಯೋಣ ಅಂತ ಬಂದೆ."

ನಾನು ಸರಿದು ಜಾಗ ಮಾಡಿದೆ. ಆ ಸ್ಟೂಲಿನಲ್ಲಿ ಇಬ್ಬರು ಹಿಡಿಸುವುದಿಲ್ಲ. ಇವರು ನಿಂತೇ ಇದ್ದರು, ನೀರು ಇಳಿದು ಗುಂಡಿಯ ಅಂಚು ಪೂರ್ತಿ ಕಾಣುವವರೆಗೆ, ಅವರು ಬಂದು ಮುಚ್ಚಳ ಎಳೆದು ಮುಚ್ಚುವವರೆಗೆ.